ಸೂಟ್ ಹಾಕುವ ಸೊಸೆ

ಕಿದ್ವಾಯಿ ನಗರ, ನವದೆಹಲಿ
೧೧ ಡಿಸೆಂಬರ್ ೨೦೦೫, ಭಾನುವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ವಿಮಲಾಳ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ತಣ್ಣೀರು ಮುಟ್ಟಬೇಡಿ ಎಂದರೆ ನೀವು ಕೇಳುವವರಲ್ಲ, ಆದರೂ ಹೇಳುವುದು ನನ್ನ ಚಾಳಿ. ಇಲ್ಲಿ ಧನುಷ್ ಆರೋಗ್ಯವಾಗಿದ್ದಾನೆ. ಏಳನೇ ಕ್ಲಾಸಿಗೇ ನನ್ನಷ್ಟು ಎತ್ತರ ಬೆಳೆದುಬಿಟ್ಟಿದ್ದಾನೆ. ನೀವು ಕಳಿಸಿದ ಚಟ್ನಿಪುಡಿಯನ್ನು ಪರಾಠಾದ ಮೇಲೆ ಉದುರಿಸಿಕೊಂಡು ತಿಂದು, ದಾವಣಗೆರೆ ಅಜ್ಜಿಯೇ ಬೆಸ್ಟ್ ಎನ್ನುತ್ತಾನೆ. ದಿನಾ ಅಡುಗೆ ಮಾಡುವ ನಾನು ಲೆಕ್ಕಕ್ಕಿಲ್ಲ.

ನಿಮ್ಮ ಕಾಗದ ಸಿಕ್ಕಿತು. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಸಿಟ್ಟು. ಸೊಸೆ ತೀರಿಹೋದ ಗಂಡನ ಸೂಟ್ ಹಾಕಿಕೊಂಡು ಆಫೀಸಿಗೆ ಹೋಗುತ್ತಾಳಂತೆ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿದೆ, ಮರ್ಯಾದೆ ಉಳಿಯಬೇಕಾದರೆ ಏಕನಾಥನ ಮದುವೆಯ ಸೂಟನ್ನು ದೆಹಲಿಗೆ ಬರುವ ಕೇಶವಮೂರ್ತಿ ಮಾವನ ಕೈಲಿ ಕಳಿಸಿಬಿಡು, ಅವನ ತಮ್ಮ ಸುದರ್ಶನ ಹಾಕಿಕೊಳ್ಳಲಿ ಎಂದು ಬರೆದಿದ್ದೀರಿ. ಗಂಡಸಿಲ್ಲದ ಮನೆಯಲ್ಲಿ ಗಂಡಸಿನ ಬಟ್ಟೆಗೇನು ಕೆಲಸ ಎಂದೂ ಕೇಳಿದ್ದೀರಿ. ಆ ಸಾಲಿನ ಹತ್ತಿರ ನಾನು ಕಾಗದ ಮಡಚಿಟ್ಟೆ.

ಇದೆಲ್ಲ ಎಲ್ಲಿಂದ ಹುಟ್ಟಿತು ಎಂದು ಧನುಷ್‌ನನ್ನು ಕೇಳಿದಾಗ ಗೊತ್ತಾಯಿತು. ಹೋದ ತಿಂಗಳು ನೀವು ಫೋನ್ ಮಾಡಿದಾಗ ಅವನು, "ಮಮ್ಮಿ ಸೂಟ್ ಹಾಕ್ಕೋತಿದ್ದಾಳೆ ಅಜ್ಜಿ, ಆಫೀಸ್ ಕೇ ಲಿಯೇ" ಎಂದನಂತೆ. ಅತ್ತೆ, ಇಲ್ಲಿನ ಹೆಂಗಸರ ಬಾಯಲ್ಲಿ ಸೂಟ್ ಅಂದರೆ ಸಲ್ವಾರ್ ಕಮೀಜು. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಅಂಗಡಿಯ ಭಯ್ಯಾನ ಜೊತೆ ಚೌಕಾಸಿ ಮಾಡಿ ತಂದದ್ದು, ತೋಳು ಮೊಣಕೈ ದಾಟುತ್ತದೆ, ದುಪ್ಪಟ್ಟಾ ಇನ್ನೊಬ್ಬರಿಗೂ ಹೊದಿಸುವಷ್ಟು ಉದ್ದವಿದೆ. ಅದಕ್ಕೆ ಕೋಟು ಹೊಲಿದು, ಪ್ಯಾಂಟು ತೊಡಿಸಿ, ಕಡ್ಡಿಯನ್ನು ಗುಡ್ಡ ಮಾಡಿದವರು ಯಾರು ಎಂದು ನಾನು ಕೇಳುವುದಿಲ್ಲ. ಪಕ್ಕದ ಮನೆಯ ಮನೋರಮಾಳಿಗೆ ನನ್ನ ನೆನಪು ತಿಳಿಸಿ.

ಸಲ್ವಾರೂ ನಿಮಗೆ ಹಿಡಿಸುವುದಿಲ್ಲ, ಗೊತ್ತು. ಹೋದ ವರ್ಷ ಬಸ್ಸಿನ ಬಾಗಿಲಲ್ಲಿ ಸೆರಗು ಸಿಕ್ಕಿಕೊಂಡು ರಸ್ತೆಗೆ ಬಿದ್ದಿದ್ದೆ. ನೀವು ಹೆದರುತ್ತೀರೆಂದು ಬರೆದಿರಲಿಲ್ಲ. ಮಾರನೆಯ ದಿನದಿಂದ ಸೂಟ್ ಹಾಕತೊಡಗಿದೆ, ಇನ್ನು ಬಿಡುವುದೂ ಇಲ್ಲ.

ಹಾಗಂತ ಬಣ್ಣ ಬೇಡವೆಂಬ ನಿಮ್ಮ ಮಾತನ್ನು ಗಾಳಿಗೆ ತೂರಿದವಳಲ್ಲ. ನವೆಂಬರಿನಲ್ಲಿ ನಮ್ಮ ಸೆಕ್ಷನ್ನಿನ ಭಟ್ನಾಗರ್ ಮೇಡಂ ಮಗಳ ಮದುವೆಗೆ, ವರ್ಷಾಂತಿಕದ ದಿನ ನೀವು ಕೊಟ್ಟ ಕೆನೆಬಣ್ಣದ ಸೀರೆಯನ್ನೇ ಉಟ್ಟು ಹೋಗಿದ್ದೆ. ಮೇಡಂ ಅವರ ತಾಯಿಗೆ ಎಂಬತ್ತು ವರ್ಷ, ಅವರಿಗೂ ಗಂಡನಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಬೇಟಾ, ಕಿಸೀ ಕೇ ಅಫ್ಸೋಸ್ ಸೇ ಆ ರಹೀ ಹೋ ಕ್ಯಾ?" ಎಂದರು. ಯಾರದೋ ಸಾವಿನ ಮನೆಯಿಂದ ನೇರ ಬಂದೆಯಾ ಎಂದು. ಇಲ್ಲಿ ಬಿಳಿ ಉಡುವುದು ಶೋಕಸಭೆಗೆ. ಆಕೆ ತಾವು ಹೊದ್ದಿದ್ದ ಕೆಂಪು ಶಾಲನ್ನು ತೆಗೆದು ನನ್ನ ಹೆಗಲಿಗೆ ಹಾಕಿ, ಚಲೋ, ಮೊದಲು ಊಟ ಮಾಡು ಎಂದರು. ತಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಎರಡೂವರೆ ವರ್ಷದಿಂದ ನನ್ನ ಮೈಮೇಲೆ ಬಣ್ಣ ಬಿದ್ದಿರಲಿಲ್ಲ, ಅತ್ತೆ. ಅದು ನನಗೆ ಇಷ್ಟು ಬೇಕಾಗಿತ್ತು ಎಂದು ನನಗೇ ಗೊತ್ತಿರಲಿಲ್ಲ.

ಈ ಮಂಗಳವಾರ ಆರು ರಾಜ್ಯಗಳ ಅಧಿಕಾರಿಗಳ ಮೀಟಿಂಗ್ ಇದೆ. ನಡಾವಳಿ ಬರೆಯಲು ಮೇಡಂ ನನ್ನನ್ನು ಮೇಜಿನ ಬಳಿಯೇ ಕೂರಿಸುತ್ತಿದ್ದಾರೆ. ಗಂಡ ಸತ್ತದ್ದಕ್ಕೆ ಸಿಕ್ಕ ಕೆಲಸ ಎಂದು ನನ್ನ ಬೆನ್ನ ಹಿಂದೆ ಆಡುವವರೂ ಅಲ್ಲಿರುತ್ತಾರೆ. ಇಷ್ಟು ದಿನ ಗೋಡೆಯ ಬಣ್ಣದ ಬಟ್ಟೆ ತೊಟ್ಟು ಗೋಡೆಯ ಪಕ್ಕದಲ್ಲೇ ಕೂರುತ್ತಿದ್ದೆ. ಮಂಗಳವಾರ ಹಸಿರು ಮೈಸೂರು ರೇಷ್ಮೆ ಉಡುತ್ತೇನೆ. ಅದು ನಿಮ್ಮ ಮಗ ಮೊದಲ ಸಂಬಳದಲ್ಲಿ ತಂದದ್ದು. ಹಸಿರು ಮುತ್ತೈದೆಯರ ಬಣ್ಣ ಎಂದು ನೀವು ಬರೆಯುವ ಮೊದಲೇ ಹೇಳುತ್ತೇನೆ, ನಾನು ಚಿಕ್ಕವಳಿದ್ದಾಗ ಯಾರ ಹೆಂಡತಿಯೂ ಆಗಿರಲಿಲ್ಲ, ಆಗಲೂ ನನ್ನ ಲಂಗ ಹಸಿರಾಗಿಯೇ ಇತ್ತು.

ಒಂದು ಮಾತು, ನೊಂದುಕೊಳ್ಳಬೇಡಿ. ಹೋದ ಮಗನ ಬಟ್ಟೆಯನ್ನು ಇರುವ ಮಗನ ಮೈಮೇಲಾದರೂ ನೋಡಬೇಕು ಎಂಬ ಆಸೆಯಿಂದ ಸೂಟ್ ಕೇಳಿದ್ದರೆ, ಹಾಗಂತಲೇ ಕೇಳಿ. ಅದು ನನಗೆ ಅರ್ಥವಾಗುತ್ತದೆ, ಬೀರು ತೆರೆದಾಗಲೆಲ್ಲ ನಾನೂ ಆ ತೋಳನ್ನು ಮುಟ್ಟಿ ನೋಡುವವಳೇ. ಆದರೆ ಬೀದಿಯವರ ಮರ್ಯಾದೆಯ ಹೆಸರಲ್ಲಿ ಕೇಳಬೇಡಿ.

ಸುದರ್ಶನನಿಗೆ ಆಶೀರ್ವಾದ. ಧನುಷ್ ನಿಮ್ಮ ಕಾಲಿಗೆ ಬಿದ್ದಿದ್ದಾನೆ, ಅಂದರೆ ಬಿದ್ದೆ ಅಂತ ಬರಿ ಎಂದು ಆಟಕ್ಕೆ ಓಡಿದ್ದಾನೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ನಿಮ್ಮ ಸೊಸೆ,
ವಿಮಲಾ

ಮರೆತಿದ್ದೆ: ಕೇಶವಮೂರ್ತಿ ಮಾವ ಚಾಣಕ್ಯಪುರಿಯ ಗೆಸ್ಟ್ ಹೌಸಿನಿಂದ ಈಗ ಹೊರಡುತ್ತಾರಂತೆ, ಅಲ್ಲಿಗೆ ಹೋಗಲು ಆಟೋ ನಿಲ್ಲಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅವರ ಕೈಲಿ ಪ್ಯಾಂಟು ಕಳಿಸಿದ್ದೇನೆ, ಸುದರ್ಶನನಿಗೆ ಸರಿಹೋಗುತ್ತದೆ. ಕೋಟು ಕಳಿಸಿಲ್ಲ. ನಮ್ಮ ದರ್ಜಿ ಮಾಸ್ಟರ್‌ಜೀ ಹತ್ತಿರ ಕೊಟ್ಟು ಭುಜ ಒಳಗೆ ತೆಗೆಸಿ, ತೋಳು ಮೂರು ಇಂಚು ಕಡಿಮೆ ಮಾಡಿಸಿದ್ದೇನೆ, ಇನ್ನು ಅದು ನನ್ನೊಬ್ಬಳಿಗೇ ಆಗುವುದು. ಇಲ್ಲಿನ ಚಳಿಗೆ ಸೀರೆಯ ಮೇಲೆ ಬೆಚ್ಚಗಿರುತ್ತದೆ. ನಿಮ್ಮ ಕಾಗದ ಬರುವವರೆಗೂ ಇಂಥ ಯೋಚನೆ ನನಗೆ ಬಂದೇ ಇರಲಿಲ್ಲ. ಸೊಸೆ ಮಗನ ಸೂಟ್ ಹಾಕುತ್ತಾಳಂತೆ, ಹೌದಾ ಎಂದು ಯಾರಾದರೂ ಕೇಳಿದರೆ, ಈಗ ಧೈರ್ಯವಾಗಿ ಹೌದು ಎನ್ನಿ.