ಸಿಂಕಿಗೆ ಸುರಿದ ಹಾಲು

ಮಾರ್ಚ್ 3, ಬೆಳಿಗ್ಗೆ

ಯೂನಿಫಾರ್ಮ್ ಕಾಲರ್‌ಗಳ ಹೊಲಿಗೆ ಮುಗಿಯಿತು. ಮಗಳು ಕುಡಿದು ಮಲಗಿದಳು. ಎದೆ ಇನ್ನೂ ಭಾರ. ಹಿಂಡಿ ಸಿಂಕಿಗೆ ಸುರಿದೆ.

ಪಕ್ಕದ ಕೋಣೆಯಲ್ಲಿ ಓರಗಿತ್ತಿಯ ಕೂಸು ಬಾಟಲಿ ಬೇಡವೆಂದು ರಂಪ ಮಾಡುತ್ತಿದೆ. ಹೆತ್ತ ಮೇಲೆ ಅವಳಿಗೆ ನಂಜೇರಿ ಇನ್ನೂ ಐಸಿಯುನಲ್ಲೇ ಇದ್ದಾಳೆ. ನಾನು ಎತ್ತಿಕೊಂಡರೆ ಅತ್ತೆ ಹಿಂದೆಯೇ ಬಂದರು.

"ಎದೆಗೆ ಮಾತ್ರ ಹಾಕ್ಬೇಡಮ್ಮ. ಒಂದೇ ಹಾಲು ಕುಡಿದ್ರೆ ಅಕ್ಕ ತಮ್ಮ ಆಗ್ಬಿಡ್ತಾರೆ. ಆಮೇಲೆ ಇವರಿಬ್ಬರ ನಿಕಾಹ್ ಹೇಗೆ ಮಾಡೋದು?"

ಇಬ್ಬರಿಗೂ ಇನ್ನೂ ಕತ್ತು ನಿಂತಿಲ್ಲ, ಆಗಲೇ ಮದುವೆ! ಮಗಳೇ ಒಂದು ತಿಂಗಳು ದೊಡ್ಡವಳು, ಅದೂ ಅತ್ತೆಗೆ ಲೆಕ್ಕಕ್ಕಿಲ್ಲ. ಆದರೆ ನನಗೂ ಒಳಗೊಳಗೇ ಆಸೆ... ಮಗಳು ಬೇರೆ ಮನೆಗೆ ಹೋಗುವುದಿಲ್ಲ, ಕಣ್ಣೆದುರೇ ಇರುತ್ತಾಳೆ. ಹೂಂ ಅಂದೆ.

ಮಾರ್ಚ್ 5

ಅವನು ಅತ್ತರೆ ಸಾಕು, ನನ್ನ ಎದೆ ಒದ್ದೆ. ಕತ್ತರಿಸಿಟ್ಟ ಬಿಳಿ ಬಟ್ಟೆಯ ಮೇಲೂ ಕಲೆ. ಅಳು ಕೇಳದಿರಲೆಂದು ಮಷೀನ್ ಜೋರಾಗಿ ತುಳಿದೆ. ಎಂಥ ಹೆಂಗಸು ನಾನು.

ಮಾರ್ಚ್ 9

ಕೂಸಿಗೆ ಭೇದಿ. ಕಣ್ಣು ಗುಳಿಬಿದ್ದಿದೆ. ಬಾಟಲಿ ಕುದಿಸಿಲ್ಲವೆಂದು ಅತ್ತೆ ನನ್ನ ಮೇಲೆ ಹಾಕಿದರು, ನಾನು ಅದರ ಅಪ್ಪ, ನನ್ನ ಮೈದುನನ ಮೇಲೆ. ಸಂಜೆ ಆಸ್ಪತ್ರೆಗೆ ಸೇರಿಸಿದರು.

ಇಮಾಮರ ಹೆಂಡತಿ ವಿಚಾರಿಸಲು ಬಂದಿದ್ದರು. ಹಾಲು ಕೊಡದ ಕಾರಣವನ್ನು ಅತ್ತೆ ಹೆಮ್ಮೆಯಿಂದಲೇ ಹೇಳಿದರು. ಅವರು ಕೂತಲ್ಲಿಂದ ಎದ್ದೇಬಿಟ್ಟರು.

"ಹಾಲು ಕೊಡೋಕೆ ನಮ್ಮ ಧರ್ಮದಲ್ಲಿ ಯಾವ ಅಡ್ಡೀನೂ ಇಲ್ಲ. ಅಡ್ಡಿ ಇರೋದು ಮದುವೆಗೆ. ಬೇರೆ ಹೆಣ್ಣು ಸಿಗಲ್ವಾ ಅವನಿಗೆ? ಮೊದ್ಲು ಬದುಕ್ಲಿ."

ಅತ್ತೆ ಬಾಯಿ ಮುಚ್ಚಿಕೊಂಡು ಅತ್ತರು. ನನಗಿದು ಗೊತ್ತಿದ್ದದ್ದೇ. ಗೊತ್ತಿದ್ದೂ...

ಮಾರ್ಚ್ 10, ಮಧ್ಯಾಹ್ನ

ಮಕ್ಕಳ ವಾರ್ಡ್. ಬಿಸ್ಮಿಲ್ಲಾ ಅಂದು ಎದೆಗೆ ಹಾಕಿಕೊಂಡೆ. ಚೀಪಲು ತ್ರಾಣವಿಲ್ಲ. ನರ್ಸ್ ಹೇಳಿದಂತೆ ಹಿಂಡಿ, ಚಮಚದಲ್ಲಿ ಹನಿ ಹನಿಯಾಗಿ ಬಿಟ್ಟೆ. ನುಂಗಿದ. ಮಗಳ ಮದುವೆ ಅಲ್ಲಿಗೆ ಮುರಿಯಿತು — ಅಳಿಯ ಹೋಗಿ ಮಗನಾದ. ಆಗಬೇಕಾದದ್ದು ಇಷ್ಟೇ ಇತ್ತು. ಇಷ್ಟನ್ನು ತಪ್ಪಿಸಲು ಅಷ್ಟು ಹಾಲು ಸಿಂಕಿಗೆ ಸುರಿದೆ.

ಮಾರ್ಚ್ 12

ಕೂಸಿನ ಬಗ್ಗೆ ಈಗಲೇ ಏನೂ ಹೇಳಲಾಗದು ಅನ್ನುತ್ತಾರೆ ಡಾಕ್ಟರ್. ಓರಗಿತ್ತಿಯನ್ನು ಐಸಿಯುನಿಂದ ಹೊರಗೆ ತಂದಿದ್ದಾರೆ. ಕೂಸು ಕೆಳಗಿನ ಮಹಡಿಯಲ್ಲೇ ಇದೆಯೆಂದು ಅವಳಿಗೆ ಯಾರೂ ಹೇಳಿಲ್ಲ. ಹೇಳಲೆಂದೇ ಹೋದೆ. ಕೈ ಹಿಡಿದುಕೊಂಡಳು.

"ಎಚ್ಚರ ಆದಾಗೆಲ್ಲ ಅವನ ನೆನಪೇ ಅಕ್ಕಾ. ಆದ್ರೂ ನಿಮ್ಮ ಹಾಲಿದೆಯಲ್ಲ ಅಂತ ಧೈರ್ಯ ಇತ್ತು. ಮೊದಲ ದಿನದಿಂದ ನೀವೇ ಕುಡಿಸ್ತಿದ್ದೀರಲ್ವಾ?"

ಹೂಂ ಅಂದೆ.

ನಾಳೆ ಹೇಳುತ್ತೇನೆ. ನಾಳೆಯ ಹೊತ್ತಿಗೆ ಅವನು ಸ್ವಲ್ಪ —