ಹುಲ್ಲಿನಡಿಯ ಐದನೆಯ ಕಲ್ಲು

ಕಾಜುಯೆ ಅಕ್ಕನಿಗೆ,

ಪತ್ರ ಬರೆಯುವಾಗ ಮೊದಲು ಹವೆಯ ಬಗ್ಗೆ ಎರಡು ಸಾಲು ಇರಬೇಕೆಂದು ಅಮ್ಮ ನಮ್ಮಿಬ್ಬರಿಗೂ ಕಲಿಸಿದ್ದಳು. ಶಿಬಾತಾದಲ್ಲಿ ಹಿಮ ಬೀಳುತ್ತಿದೆ. ಬೆಳಿಗ್ಗೆ ಬಾಗಿಲ ಮುಂದಿನದನ್ನೆಲ್ಲ ಗೋರಿ ಹಾಕಿದರೆ ಮಧ್ಯಾಹ್ನದೊಳಗೆ ಮತ್ತೆ ಅಷ್ಟೇ ಬಿದ್ದಿರುತ್ತದೆ. ನಿಮ್ಮ ಯೊಕೊಹಾಮಾದಲ್ಲಿ ಬಿಸಿಲಿರಬಹುದು. ಹವೆಯ ಮಾತು ಇಲ್ಲಿಗೆ ಮುಗಿಯಿತು.

ಇನ್ನು ವಿಷಯಕ್ಕೆ ಬರುತ್ತೇನೆ. ನನಗೆ ಸುಸ್ತಾಗಿದೆ ಅಕ್ಕ. ಒಂದು ರಾತ್ರಿ ಮಲಗಿ ಎದ್ದರೆ ಹೋಗುವ ಸುಸ್ತಲ್ಲ ಇದು. ಫೆಬ್ರುವರಿ ತಿಂಗಳು ಪೂರ್ತಿ ನೀನು ಬಂದು ಅಪ್ಪನ ಜೊತೆ ಇರಬೇಕು, ನಾನು ಎಲ್ಲಾದರೂ ಹೋಗಿ ಮಲಗಬೇಕು. ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಅಪ್ಪನಿಗೆ ಕಿವಿ ಮಂದವೆಂದು ಫೋನನ್ನು ಮನೆಗೆಲ್ಲ ಕೇಳುವಷ್ಟು ಜೋರಾಗಿಟ್ಟಿರುತ್ತೇವೆ. ನೀವೇ ನನಗೆ ಭಾರವಾಗಿದ್ದೀರಿ ಎಂದು ಅವರ ಎದುರೇ ಹೇಗೆ ಹೇಳಲಿ? ನಾನು ಅಡ್ಡಮಾತಿನಲ್ಲಿ ಕೇಳಿದಾಗಲೆಲ್ಲ ನೀನು "ವಸಂತ ಬರ್ಲಿ ಕಣೇ, ನೋಡೋಣ" ಎನ್ನುತ್ತೀಯ. ಎಷ್ಟೋ ವಸಂತ ಬಂದು ಹೋದವು. ಅದಕ್ಕೇ ಈ ಕಾಗದ.

ನೀನು ಕಳಿಸಿದ ಅಕ್ವೇರಿಯಂ ಹೇಗಿದೆ ಎಂದು ಪ್ರತಿ ಸಲ ಕೇಳುತ್ತೀಯ, ನಾನು ಪ್ರತಿ ಸಲ "ಚೆನ್ನಾಗಿದೆ" ಎನ್ನುತ್ತೇನೆ. ಅದರ ಪೂರ್ತಿ ಕಥೆ ಇವತ್ತು ಹೇಳುತ್ತೇನೆ. ನೀನು ಬರಲೇಬೇಕೆಂದು ನಾನು ಹಟ ಹಿಡಿದಿರುವುದಕ್ಕೂ ಅದಕ್ಕೂ ಸಂಬಂಧವಿದೆ.

ಅಪ್ಪನಿಗೆ ಎಂಬತ್ತೆಂಟು ತುಂಬಿದ ದಿನ ದೊಡ್ಡ ಡಬ್ಬಿ ಬಂತು. ಮೊಳಕೈ ಉದ್ದದ ಗಾಜಿನ ತೊಟ್ಟಿ, ದೀಪ, ನೀರು ಸೋಸುವ ಪುಟ್ಟ ಯಂತ್ರ, ಕರಿ ಮಣ್ಣಿನ ಗುಳಿಗೆಗಳ ಚೀಲ, ನೀರುಹುಲ್ಲಿನ ಪೊಟ್ಟಣ, ಕಾಗದದಲ್ಲಿ ಸುತ್ತಿದ ಮೂರು ಕಲ್ಲು, ಅವನ್ನು ಹೇಗಿಡಬೇಕೆಂದು ತೋರಿಸುವ ಚಿತ್ರ. "ಅಪ್ಪನ ಬೇಜಾರು ಕಳೆಯಲಿ" ಎಂದು ನೀನು ಚೀಟಿ ಬರೆದಿದ್ದೆ. ಅಪ್ಪನಿಗೆ ಉಡುಗೊರೆ, ನನಗೆ ಇನ್ನೊಂದು ಕೆಲಸ. ಆದರೂ ಮರುದಿನ ಬೆಳಿಗ್ಗೆ ಇಗರಾಶಿ ಬಂದು ಅಪ್ಪನಿಗೆ ಸ್ನಾನ ಮಾಡಿಸುತ್ತಿದ್ದಾಗ ನಾನು ಚಿತ್ರ ನೋಡಿಕೊಂಡು ಮಣ್ಣು ಹರಡಿದೆ, ಕಲ್ಲು ಜೋಡಿಸಿದೆ. ದೊಡ್ಡದನ್ನು ಚಿತ್ರದಲ್ಲಿದ್ದ ಹಾಗೆಯೇ ನಡುವೆ ನೆಟ್ಟಗೆ ನಿಲ್ಲಿಸಿದೆ. ಇಗರಾಶಿ ಯಾರೆಂದು ಮರೆತಿರಬಹುದು ನೀನು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಅಪ್ಪನನ್ನು ನೋಡಿಕೊಳ್ಳಲು ಬರುವ ಹೆಂಗಸು. ಅವಳಿಲ್ಲದಿದ್ದರೆ ನಾನು ಈ ಪತ್ರವನ್ನು ಆಸ್ಪತ್ರೆಯಿಂದ ಬರೆಯುತ್ತಿದ್ದೆ.

ಸ್ನಾನ ಮುಗಿಸಿ ಗಾಲಿಕುರ್ಚಿಯಲ್ಲಿ ಬಂದ ಅಪ್ಪ ತೊಟ್ಟಿಯನ್ನು ನೋಡಿದರು. ಮುಖ ಕಪ್ಪಿಟ್ಟಿತು.

"ಮಲಗಿದ್ದ ಕಲ್ಲನ್ನ ಎಬ್ಬಿಸಿ ನಿಲ್ಲಿಸಿದ್ದು ಯಾರೇ?"

ನಮಗೆ ಚಿಕ್ಕಂದಿನಿಂದ ಗೊತ್ತಿರುವ ಮಾತೇ ಅಲ್ಲವೇ ಇದು. ಬೆಟ್ಟದಲ್ಲಿ ಮಲಗಿದ್ದ ಕಲ್ಲನ್ನು ತೋಟದಲ್ಲೂ ಮಲಗಿಸಬೇಕು, ನಿಲ್ಲಿಸಿದರೆ ಅದು ಆ ಮನೆಯ ಮೇಲೆ ಮುನಿಯುತ್ತದೆ. ಮನೆಗಳ ತೋಟಕ್ಕೆ ಕಲ್ಲು ಜೋಡಿಸುವುದೇ ಕಸುಬಾಗಿದ್ದ ಅಪ್ಪ ಇದೇ ಕಾರಣಕ್ಕೆ ಆ ಅಕ್ಕಿ ವ್ಯಾಪಾರಿಯ ತೋಟವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದು, ಅಮ್ಮ ಆ ವಾರವೆಲ್ಲ ಅವರೊಡನೆ ಮಾತು ಬಿಟ್ಟಿದ್ದು ನೆನಪಿದೆಯಲ್ಲ? ಡಬ್ಬಿಯಲ್ಲಿ ಬಂದ ಕಲ್ಲಿಗೂ ಹಿಂದೊಂದು ಬೆಟ್ಟವಿತ್ತೆಂದು ನನಗೆ ಹೊಳೆದಿರಲಿಲ್ಲ. ಕಲ್ಲಿನ ಒಂದು ಪಕ್ಕದಲ್ಲಿ, ಅದು ನೆಲಕ್ಕೆ ಒರಗಿದ್ದ ಕಡೆ, ಮಣ್ಣಿನ ಕಲೆ ಗೆರೆ ಎಳೆದ ಹಾಗಿತ್ತು. ಅಷ್ಟು ಸಾಕಾಯಿತು ಅವರಿಗೆ. ನನ್ನ ಹೆಸರು ಮರೆತವರಿಗೆ ಅದು ಮರೆತಿರಲಿಲ್ಲ.

ಆ ಮಧ್ಯಾಹ್ನ ಅಪ್ಪ ಗೋಡೆಗೆ ಮುಖ ಮಾಡಿಕೊಂಡು ಊಟ ಮಾಡಿದರು. ರಾತ್ರಿಯೂ ಹಾಗೆಯೇ. ಮರುದಿನ ಇಗರಾಶಿ, "ಯಜಮಾನ್ರೇ, ಗೋಡೆ ಸಾರು ಬಡಿಸಲ್ಲ, ಈ ಕಡೆ ತಿರುಗಿ" ಎಂದರೆ, "ಆ ಕಲ್ಲು ಮಲಗ್ಲಿ, ಆಮೇಲೆ ತಿರುಗ್ತೀನಿ" ಎಂದರು. "ನಿಮಗಿಂತ ಕಲ್ಲೇ ವಾಸಿ, ಹೇಳಿದ ಮಾತು ಕೇಳತ್ತೆ" ಎಂದು ಅವಳು ಗೊಣಗಿದಳು. ಅಪ್ಪನಿಗೆ ಬೇಕಾದ ಮಾತು ಮಾತ್ರ ಆ ಕಿವಿಗೆ ಬೀಳುತ್ತದೆ, ಇದು ಬೀಳಲಿಲ್ಲ.

ಸರಿ, ಮೂರು ಕಲ್ಲನ್ನೂ ತೆಗೆದೆ. ಆಮೇಲೆ ಅಪ್ಪನ ಅಪ್ಪಣೆಗಳು ಶುರುವಾದವು. ಕೊಟ್ಟಿಗೆಯ ಮೂಲೆಯಲ್ಲಿ ಸೇಬಿನ ಪೆಟ್ಟಿಗೆಯಿದೆಯಲ್ಲ, ತೋಟ ಮಾಡಿಸುವವರಿಗೆ ಮರಳಿನ ತಟ್ಟೆಯಲ್ಲಿ ಮಾದರಿ ಜೋಡಿಸಿ ತೋರಿಸಲು ಇಟ್ಟುಕೊಂಡಿದ್ದ ಮುಷ್ಟಿಗಾತ್ರದ ಕಲ್ಲುಗಳು ಅದರಲ್ಲಿವೆ, ನೀನು ಆಡಲೆಂದು ಕದ್ದು ಬೈಸಿಕೊಳ್ಳುತ್ತಿದ್ದೆಯಲ್ಲ. ಅವೇ ಬೇಕಂತೆ. ಬಕೆಟ್ಟಿನಲ್ಲಿ ಹೊತ್ತು ತಂದು, ಬಿಸಿನೀರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜಿದೆ. ಅಪ್ಪ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಕಲ್ಲಿನ ಮೇಲೆ ಸವರಿ ನೋಡುವರು. "ಇದು ಬೆನ್ನು. ತಿರುಗ್ಸು. ಹ್ಞಾ, ಇದು ಮುಖ." ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

ಅವರು ಕುರ್ಚಿಯಲ್ಲಿ, ಕೈಯಲ್ಲಿ ಬೆನ್ನು ತುರಿಸಿಕೊಳ್ಳುವ ಬಿದಿರು ಕಡ್ಡಿ. ಅದರಲ್ಲಿ ತೋರಿಸುವರು, ನಾನು ಇಡುವುದು. ಮೊದಲು ಹಿರಿಯ ಕಲ್ಲು, ನಡುವೆ ಅಲ್ಲ, ಸ್ವಲ್ಪ ಎಡಕ್ಕೆ, ಹರಿಯುವ ನೀರಿಗೆ ಮೈಯೊಡ್ಡಿದ ಹಾಗೆ ಚೂರು ವಾಲಿಸಿ. ಅದು ಏನು ಕೇಳುತ್ತದೋ ನೋಡಿಕೊಂಡು ಎರಡನೆಯದು. ಆಮೇಲೆ ಮೂರನೆಯದು, ನಾಲ್ಕನೆಯದು. "ಒಂದು ಬೆರಳು ಹಿಂದೆ. ಅಷ್ಟಲ್ಲ. ನಿನ್ನ ಬೆರಳಲ್ಲ, ನನ್ನ ಬೆರಳು." ನಾಲ್ಕಕ್ಕೆ ನಿಲ್ಲಿಸುವಂತಿಲ್ಲ, ಬೆಸವೇ ಇರಬೇಕು. ಐದನೆಯದು ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕಿಂತ ಸಣ್ಣದು, ಕೋಳಿಮೊಟ್ಟೆಯಷ್ಟು, ನೋಡಲು ಏನೂ ಇಲ್ಲದ ಬೂದುಬಣ್ಣದ ಕಲ್ಲು. ಹಿರಿಯದರ ಬುಡದಲ್ಲಿ ಅರ್ಧ ಹೂತು ಇಡಿಸಿದರು.

"ಹುಲ್ಲು ಬೆಳೆದ್ರೆ ಇದು ಕಾಣ್ಸೋದೇ ಇಲ್ಲ ಅಪ್ಪ" ಎಂದೆ.

"ಕಾಣ್ಲಿ ಅಂತ ಇಡ್ಸಿಲ್ಲ" ಎಂದರು. "ಇದು ಬಿಟ್ಟ ಕಲ್ಲು, ಯಾರ ಕಣ್ಣಿಗೂ ಬೀಳ್ದೆ ಬಿದ್ದಿರೋದು. ಒಂದು ಇರ್ಬೇಕು. ಇಲ್ದಿದ್ರೆ ದೊಡ್ಡೋನು ಕೂರಲ್ಲ."

ನೆಡುವ ಕೆಲಸದ ಬಗ್ಗೆ ಹೆಚ್ಚು ಬರೆದರೆ ಬೆನ್ನು ಮತ್ತೆ ನೋಯುತ್ತದೆ. ಕೂದಲಿನಷ್ಟು ತೆಳ್ಳಗಿನ ನೀರುಹುಲ್ಲನ್ನು ಎಳೆ ಎಳೆಯಾಗಿ ಬಿಡಿಸಿ, ಚಿಮುಟದಲ್ಲಿ ಹಿಡಿದು, ಒದ್ದೆ ಮಣ್ಣಿನೊಳಗೆ ಓರೆಯಾಗಿ ಚುಚ್ಚಬೇಕು. ಚಿಮುಟ ತೆಗೆಯುವಾಗ ಹುಲ್ಲೂ ಜೊತೆಗೇ ಎದ್ದು ಬರುತ್ತದೆ. ಮಣ್ಣು ಕದಡದಿರಲೆಂದು ತಟ್ಟೆಯ ಮೇಲೆ ನಿಧಾನವಾಗಿ ನೀರು ಸುರಿಯಬೇಕು. ಮೊದಲ ದಿನಗಳಲ್ಲಿ ದಿನಾ ಅರ್ಧ ನೀರು ಬದಲಿಸಬೇಕು, ನಲ್ಲಿಯಲ್ಲಿ ಬರುವುದು ಮಂಜುಗಡ್ಡೆಯಂಥ ನೀರು, ಅದಕ್ಕೆ ಬಿಸಿನೀರು ಬೆರೆಸಿ ಹದ ಮಾಡಬೇಕು. ಬಕೆಟ್ ಹೊರುವುದು ನಾನು, ಮೇಲ್ವಿಚಾರಣೆ ಅಪ್ಪನದು. ನಡುವೆ ಅವರ ಬಟ್ಟೆ, ಮಾತ್ರೆ, ಶೌಚ, ಗಂಜಿ, ಹಿಮ. ಎಲ್ಲ ಮುಗಿಸಿ ಕೂತರೆ "ಫುಸಾ, ಟೀ" ಎನ್ನುವರು. ಹೌದು, ಅಮ್ಮನ ಹೆಸರು. ನವೆಂಬರಿನಿಂದ ನಾನು ಫುಸಾ. ಒಮ್ಮೊಮ್ಮೆ ಅದೂ ಇಲ್ಲ. ಒಂದು ದಿನ ಇಗರಾಶಿಯನ್ನು ಪಕ್ಕಕ್ಕೆ ಕರೆದು, "ಆ ಹೆಂಗ್ಸು ಒಳ್ಳೇವ್ಳು. ಯಾರ ಮನೆಯವ್ಳು?" ಎಂದು ನನ್ನ ಬಗ್ಗೆಯೇ ಕೇಳಿದರು. ನಾನು ಪಕ್ಕದಲ್ಲಿ ಮೂಲಂಗಿ ಹೆಚ್ಚುತ್ತಿದ್ದೆ.

ಅದೇ ಅಪ್ಪ ಫೋನಿನಲ್ಲಿ ನಿನ್ನ ದನಿ ಕೇಳಿದ ತಕ್ಷಣ "ಕಾಜುಯೆ, ಊಟ ಆಯ್ತಾ?" ಎನ್ನುತ್ತಾರೆ. ನನಗೇನೂ ಅನ್ನಿಸುವುದಿಲ್ಲ ಎಂದು ನೀನು ಅಂದುಕೊಂಡಿದ್ದರೆ ತಪ್ಪು. ಹೊಟ್ಟೆ ಉರಿಯುತ್ತದೆ ಅಕ್ಕ. ಈ ವಯಸ್ಸಿನಲ್ಲಿ ನಾಚಿಕೆಯಾಗುವಷ್ಟು ಉರಿಯುತ್ತದೆ.

ಡಿಸೆಂಬರ್ ಮುಗಿಯುವಷ್ಟರಲ್ಲಿ ಹುಲ್ಲು ಹಬ್ಬಿ ತೊಟ್ಟಿ ಹಸಿರಾಯಿತು. ಚೆನ್ನಾಗಿಯೇ ಇದೆ, ಸುಳ್ಳು ಹೇಳುವುದಿಲ್ಲ. ಮೊಳಕೈ ಉದ್ದದೊಳಗೆ ಅಷ್ಟು ದೂರ ಹೇಗೆ ಬಂತೋ ತಿಳಿಯದು, ಎದುರು ಬೆಟ್ಟ ನೋಡಿದ ಹಾಗಿರುತ್ತದೆ. ಅಂಗಡಿಯಿಂದ ಪಾಚಿ ತಿನ್ನುವ ಸೀಗಡಿ ತಂದು ಬಿಟ್ಟೆ. ಐದನೆಯ ಕಲ್ಲು ಹುಲ್ಲಿನಡಿ ಪೂರ್ತಿ ಮುಚ್ಚಿಹೋಯಿತು.

ಹೊಸ ವರ್ಷದ ಗಲಾಟೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪ ಮಲಗಿದ್ದಾಗ ತೊಟ್ಟಿ ಚೊಕ್ಕ ಮಾಡುತ್ತಿದ್ದೆ. ಪಾಚಿ ಉಜ್ಜಲೆಂದು ಆ ಸಣ್ಣ ಕಲ್ಲನ್ನು ಹೊರಗೆ ತೆಗೆದೆ. ತೌಡಿನಲ್ಲಿ ಹಾಕಿಟ್ಟ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಯಲ್ಲಿ ಮುಚ್ಚಳ ಒಂದು ಕಡೆ ಎದ್ದಿತ್ತು. ಎದ್ದ ಕಡೆ ಈ ಕಲ್ಲಿಟ್ಟೆ, ಸರಿಯಾಗಿ ಕೂತಿತು. ಹುಲ್ಲಿನಡಿ ಯಾರಿಗೂ ಕಾಣದ ಕಲ್ಲು ಅಲ್ಲಿದ್ದರೇನು, ಇಲ್ಲಿದ್ದರೇನು ಎಂದುಕೊಂಡು ಹುಲ್ಲನ್ನು ಬೆರಳಿನಿಂದ ಸರಿಮಾಡಿದೆ. ಏನೂ ಗೊತ್ತಾಗುತ್ತಿರಲಿಲ್ಲ.

ಎಚ್ಚರವಾದ ಅಪ್ಪನನ್ನು ಇಗರಾಶಿ ಕುರ್ಚಿಯಲ್ಲಿ ಕರೆತಂದಳು. ಟೀ ಕೊಟ್ಟೆ. ಕುಡಿಯಲಿಲ್ಲ. ತೊಟ್ಟಿಯನ್ನೇ ನೋಡುತ್ತ ಕೂತರು.

"ಯಾರೋ ಇಲ್ಲ" ಎಂದರು.

"ಎಲ್ರೂ ಇದ್ದೀವಲ್ಲ ಅಪ್ಪ. ನಾನಿದ್ದೀನಿ, ಇಗರಾಶಿ ಇದ್ದಾರೆ."

"ಅಲ್ಲ. ಯಾರೋ ಹೋಗಿದ್ದಾರೆ. ದೊಡ್ಡೋನು ವಾಲ್ತಾ ಇದ್ದಾನೆ ನೋಡು, ಬೀಳ್ತಾನೆ."

ಇಗರಾಶಿ ಬಗ್ಗಿ ನೋಡಿ, "ಎಲ್ಲಿ ವಾಲಿದೆ ಯಜಮಾನ್ರೇ, ನಿನ್ನೆ ಇದ್ದ ಹಾಗೇ ಇದೆ" ಎಂದಳು. ದೊಡ್ಡ ಕಲ್ಲು ಕೂದಲೆಳೆಯಷ್ಟೂ ಅಲುಗಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಅಪ್ಪ ಕೇಳಲಿಲ್ಲ. "ಹುಡುಕ್ರಿ, ಹಿಮ ಬೀಳ್ತಾ ಇದೆ, ಹೊರಗೆ ಹೋಗಿದ್ರೆ ಏನ್ಗತಿ" ಎನ್ನುತ್ತ, ನಿಲ್ಲಲಾಗದ ಕಾಲಿನಲ್ಲಿ ಕುರ್ಚಿಯಿಂದ ಏಳಲು ಹೋದರು. ನಾನು ಓಡಿಹೋಗಿ ಪೀಪಾಯಿಯಿಂದ ಕಲ್ಲು ತಂದು, ಅಂಟಿದ್ದ ತೌಡು ತೊಳೆದು, ಹುಲ್ಲು ಸರಿಸಿ ಮೊದಲಿದ್ದ ಜಾಗದಲ್ಲಿಟ್ಟೆ. ಹುಲ್ಲು ಮುಚ್ಚಿಕೊಂಡಿತು. ಅಪ್ಪ ಬಹಳ ಹೊತ್ತು ನೋಡಿ, ಆರಿದ ಟೀ ಕುಡಿದರು.

"ಎಲ್ಲಿ ಹೋಗಿದ್ದೆ?" ಎಂದರು ಆಮೇಲೆ. ಕೇಳಿದ್ದು ಕಲ್ಲನ್ನೋ ನನ್ನನ್ನೋ ಗೊತ್ತಾಗಲಿಲ್ಲ.

"ಉಪ್ಪಿನಕಾಯಿ ಪೀಪಾಯಿ ಹತ್ರ" ಎಂದೆ. ಇಬ್ಬರ ಪರವಾಗಿಯೂ ಅದು ನಿಜವೇ ಆಗಿತ್ತು.

ನನ್ನ ತಂಗಿ ಮಿಸಾವೊ ತನ್ನನ್ನೇ ಆ ಕಲ್ಲೆಂದುಕೊಂಡಿದ್ದಾಳೆ ಎಂದು ನೀನೀಗ ಯೋಚಿಸುತ್ತಿರುತ್ತೀಯ. ಹೌದು, ಒಂದು ದಿನ ಹಾಗಂದುಕೊಂಡೆ. ಅಪ್ಪನ ಒದ್ದೆ ಬಟ್ಟೆ ಒಣಹಾಕುತ್ತ ಅತ್ತೆ ಕೂಡ, ಅದರಲ್ಲೊಂದು ಸುಖವೂ ಇತ್ತು. ಮರುದಿನ ಸಿಟ್ಟು ಬಂತು. ಕಲ್ಲಿಗೆ ಬೆನ್ನು ನೋಯುವುದಿಲ್ಲ. ಕಲ್ಲು ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾಗಿಲ್ಲ, ರಾತ್ರಿ ಎದ್ದು ಯಾರ ಹೊದಿಕೆಯನ್ನೂ ಸರಿಮಾಡಬೇಕಾಗಿಲ್ಲ. ನಾನು ಕಲ್ಲಲ್ಲ ಅಕ್ಕ. ಹೀಗೇ ಇದ್ದರೆ ನಾನೂ ಬೀಳುತ್ತೇನೆ, ಅಪ್ಪನೂ ಬೀಳುತ್ತಾರೆ.

ಆದ್ದರಿಂದ ಜನವರಿ ಕೊನೆಯ ದಿನ ನೀನು ಬಾ. ಯಮಾಗಾತಾದ ಬೆಟ್ಟದಲ್ಲಿ ಬಿಸಿನೀರ ಬುಗ್ಗೆಯ ಊರೊಂದರಲ್ಲಿ ನನ್ನ ಶಾಲೆಯ ಗೆಳತಿ ಯೊನೆಕೊ ತಂಗುಮನೆ ನಡೆಸುತ್ತಾಳೆ. ಒಂದು ಕೋಣೆ ಇಟ್ಟಿದ್ದಾಳೆ. ನೀನು ಒಳಗೆ ಕಾಲಿಟ್ಟ ಮೇಲೆಯೇ ನಾನು ಹೊರಡುವುದು, ಹೆದರಬೇಡ. ಆದರೆ ಕೂತು ಟೀ ಕುಡಿಯುವುದಿಲ್ಲ. ಕುಡಿದರೆ ಹೊರಡಲಾಗುವುದಿಲ್ಲ.

ತೊಟ್ಟಿಯ ನೀರನ್ನು ಬುಧವಾರ ಮೂರರಲ್ಲಿ ಒಂದು ಪಾಲು ಬದಲಿಸು. ಸಂಜೆ ದೀಪ ಆರಿಸು. ಸೀಗಡಿಗೆ ಏನೂ ಹಾಕಬೇಡ, ಅಪ್ಪ ಅನ್ನ ಹಾಕಲು ನೋಡುತ್ತಾರೆ, ಬಿಡಬೇಡ. ಅವರಿಗೆ ಮಿಸೊ ಸಾರು ಬೆಚ್ಚಗಿರಲಿ, ಬಿಸಿ ಬೇಡ. ನಿನ್ನ ದನಿಯ ಗುರುತಿದೆ ಅವರಿಗೆ, ಆದರೆ ದಿನವೆಲ್ಲ ಎದುರಿಗಿರುವ ಮುಖದ ಕಥೆ ಬೇರೆ. ಕೆಲವು ದಿನ ಕಳೆದರೆ ನೀನೂ ಫುಸಾ ಆಗಬಹುದು. ತಿದ್ದಬೇಡ, "ಹ್ಞೂಂ" ಎನ್ನು. ಅಮ್ಮನನ್ನು ಕರೆಯುವಾಗ ಅವರ ದನಿ ಎಷ್ಟು ಮೆತ್ತಗಿರುತ್ತದೆಂದು ನೀನೂ ಒಮ್ಮೆ ಕೇಳಬೇಕು.

ಇನ್ನೊಂದು ಮಾತು. ನೀನು ಬಂದ ದಿನ ತೊಟ್ಟಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಐದನೆಯ ಕಲ್ಲು ಅಲ್ಲಿರುವುದಿಲ್ಲ. ಅದನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೇನೆ. ಅಪ್ಪ ಯಾರೋ ಇಲ್ಲ ಎನ್ನುತ್ತಾರೆ, ಕಸಿವಿಸಿಪಡುತ್ತಾರೆ. ನನಗೆ ಗೊತ್ತು, ಗೊತ್ತಿದ್ದೇ ಮಾಡುತ್ತಿದ್ದೇನೆ. ಬೇರೆ ಕಲ್ಲಿಟ್ಟು ಸಮಾಧಾನ ಮಾಡಲು ಹೋಗಬೇಡ, ಒಪ್ಪುವುದಿಲ್ಲ. ಅವರ ಕೈ ಹಿಡಿದು, ಹೋಗಿರುವುದು ಮಿಸಾವೊ ಎಂದು ಹೇಳು. ನಿಮ್ಮ ಕಿರಿಮಗಳು, ಮಲಗಲು ಹೋಗಿದ್ದಾಳೆ, ಬರುತ್ತಾಳೆ ಎಂದು ಹೇಳು. ಎಷ್ಟು ಸಲ ಕೇಳಿದರೂ ಅಷ್ಟು ಸಲ ಹೆಸರು ಹೇಳು. ಮಾರ್ಚಿನಲ್ಲಿ ನಾನು ಬಂದು ಕಲ್ಲನ್ನು ಅದರ ಜಾಗದಲ್ಲಿಡುತ್ತೇನೆ. ಆಗ ಅಪ್ಪ ಎಲ್ಲಿ ಹೋಗಿದ್ದೆ ಎಂದು ಕೇಳಲಿ, ಒಂದೇ ಒಂದು ಸಲ ಹೆಸರು ಹಿಡಿದು ಕೇಳಲಿ.

ಹಿಮದಲ್ಲಿ ಜಾರದ ಬೂಟು ಹಾಕಿಕೊಂಡು ಬಾ. ದಾರಿ ನಿನಗೆ ಸುಖವಾಗಿರಲಿ, ಅಪ್ಪನ ರಾತ್ರಿಗಳು ನಿನ್ನ ಕೈಯಲ್ಲಿ ತಣ್ಣಗೆ ಕಳೆಯಲಿ.

ನಿನ್ನ ತಂಗಿ,
ಮಿಸಾವೊ