ನಿಂತಲ್ಲೇ ಉರಿದ ಎಣ್ಣೆ

ಕಪ್ಪತಗುಡ್ಡದ ಮಗ್ಗುಲು,
ಕೊನೆಯ ಪೆಟ್ರೋಲ್ ಬಂಕ್ ಮುಚ್ಚಿದ ಮೇಲಿನ ಎಂಬತ್ತನೆಯ ವರ್ಷ, ಆಶ್ವಯುಜ ಬಹುಳ ಬಿದಿಗೆ

ಕಾರುಳ್ಳ ಪೂರ್ವಜರಿಗೆ, ನಿವೃತ್ತ ಕನ್ನಡ ಶಿಕ್ಷಕ ಚೆನ್ನವೀರಪ್ಪನ ವಂದನೆಗಳು.

ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಕಾಲ ಬದಲಾದಂತೆ ನಾವೇ ಅವನ್ನು ಕಟ್ಟಿಕೊಳ್ಳಬೇಕಾಯಿತು. ವ್ಯಾಕರಣದಲ್ಲಿ ಮಾತ್ರ ತಪ್ಪಿರದು.

ನಮ್ಮೂರಿಗೆ ವರ್ಷಕ್ಕೊಮ್ಮೆ ‘ಉರಿಪಾಲು’ ಬರುತ್ತದೆ. ಸರ್ಕಾರ ಹಂಚುವ ಪೆಟ್ರೋಲಿಗೆ ನಾವಿಟ್ಟ ಹೆಸರದು. ಹಿತ್ತಾಳೆಯ ಒಂದು ಕೊಡದಷ್ಟು. ಅದನ್ನು ಕುಡಿಯುವ ಬಂಡಿಯೂ ಒಂದೇ: ನಿಮ್ಮ ಕಾಲದ ಕಾರು, ನಮ್ಮ ‘ಜೀವಬಂಡಿ’. ಬಿಸಿಲಿನಿಂದ ಓಡುವ ಗಾಡಿಗಳು ಊರೊಳಗಿನ ಸಮತಟ್ಟಿಗೆ ಸಾಕು. ಗುಡ್ಡದಾಚೆಯ ಆಸ್ಪತ್ರೆಗೆ ಜೀವಬಂಡಿಯೇ ಬೇಕು. ಚಾಲಕಿ ಹುಸೇನಬಿ ಟಯರಿನ ಗಾಳಿಯನ್ನು ದಿನವೂ ನೋಡುತ್ತಾಳೆ, ಒಳಗೆ ಬೇಡದ ಒಂದು ಚೀಲವನ್ನೂ ಇಡಗೊಡುವುದಿಲ್ಲ, ತಿರುವನ್ನು ದೂರದಿಂದಲೇ ಕಂಡು ವೇಗ ಇಳಿಸುತ್ತಾಳೆ; ಬ್ರೇಕ್ ತುಳಿಯುವುದು ಅಪರೂಪ. ಏರು ಬಂದಲ್ಲಿ ಜನ ಕಾದು ನಿಂತು ಹಿಂದಿನಿಂದ ತಳ್ಳುತ್ತಾರೆ. ಅದಕ್ಕೆ ‘ಹೆಗಲುಸಾಲು’ ಎನ್ನುತ್ತೇವೆ. ಇಳಿಜಾರಿನಲ್ಲಿ ಎಂಜಿನ್ ಆರಿಸಿ ಬಂಡಿಯನ್ನು ತಾನೇ ಉರುಳಲು ಬಿಡುತ್ತೇವೆ. ಏರು ನಮ್ಮದು, ಇಳಿಜಾರು ದೇವರದು ಎಂಬುದು ಇಲ್ಲಿಯ ಗಾದೆ.

ಇಷ್ಟು ಜಾಣರಾದ ನಾವು ಆಯುಧಪೂಜೆಯ ದಿನ ಮಾತ್ರ ಹುಚ್ಚರಾಗುತ್ತೇವೆ. ಬಂಡಿಗೆ ಹೂಮಾಲೆ ಹಾಕಿ, ಕುಂಬಳಕಾಯಿ ಒಡೆದು, ಎಂಜಿನ್ ಚಾಲು ಮಾಡಿ, ಊರಿಗೆ ಊರೇ ಕೈಮುಗಿದು ಅದರ ಸದ್ದು ಕೇಳುತ್ತದೆ. ಇದು ‘ಸದ್ದುಸೇವೆ’. ಆರತಿ ಮುಗಿಯುವವರೆಗೆ ನಡೆಸುವುದು ರೂಢಿ. ಈ ಸಲ ಟ್ಯಾಂಕಿನಲ್ಲಿ ತಳಮಟ್ಟದ ಎಣ್ಣೆಯಷ್ಟೇ ಇದ್ದರೂ, ಹೊಸ ಉರಿಪಾಲು ಬರುವ ಸುದ್ದಿ ನಂಬಿ ಜನ ಮೈಮರೆತರು. ಪ್ರಸಾದ ಹಂಚಿ ಮುಗಿದರೂ ಎಂಜಿನ್ ಆರಲಿಲ್ಲ. ಆರಿಸಿರೆಂದು ನಾನು ಕೂಗಿಕೊಂಡಾಗ ಊರ ಹಿರಿಯ ಬಸವಂತಪ್ಪ, “ಮಾಸ್ತರ್ರ, ವರ್ಷಕ್ಕೊಮ್ಮಿ ದೇವರು ಮಾತಾಡ್ತಾನ. ಅವನ್ನೂ ಬೆಂಚಿನ ಮ್ಯಾಲ ನಿಂದ್ರಸ್ತೀರೇನ್ರಿ?” ಎಂದ. ಎಲ್ಲರೂ ನಕ್ಕರು. ಉರಿಪಾಲು ಬರಲಿಲ್ಲ.

ಇಂದು ಬೆಳಗಿನಿಂದ ನನ್ನ ಮೊಮ್ಮಗಳು ನೀಲಾಂಬಿಕೆ ಹೆರಿಗೆನೋವಿನಲ್ಲಿದ್ದಾಳೆ. ಕೂಸು ಅಡ್ಡವಾಗಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ನೋಡಿದ ಹುಸೇನಬಿ ನನ್ನ ಮುಖ ನೋಡಲಿಲ್ಲ. ಅರ್ಧ ದಾರಿಗಷ್ಟೇ ಎಣ್ಣೆಯಿದೆ. ಉಳಿದರ್ಧ ಹೂಮಾಲೆಯ ಕೆಳಗೆ, ನಿಂತಲ್ಲೇ, ಹೊಗೆಯಾಗಿ ಹೋಯಿತು.

ಪೂರ್ವಜರೇ, ನಿಮ್ಮ ಕಾಲದ ಚಿತ್ರಗಳನ್ನು ನೋಡಿದ್ದೇನೆ. ಶಾಲೆಯ ಮುಂದೆ ಮಗುವಿಗಾಗಿ ಕಾಯುತ್ತ, ರೈಲ್ವೆ ಗೇಟಿನಲ್ಲಿ ಕಾಯುತ್ತ, ಎ.ಸಿ. ಹಾಕಿಕೊಂಡು ಕುಳಿತಿದ್ದೀರಿ; ಎಂಜಿನ್ ಉರಿಯುತ್ತಿದೆ. ನೀವೂ ಸದ್ದುಸೇವೆಯನ್ನೇ ಮಾಡುತ್ತಿದ್ದೀರಿ, ದಿನವೂ, ಕೈಯನ್ನೂ ಮುಗಿಯದೆ. ಕಾಲು ಹಿಡಿದು ಬೇಡುತ್ತೇನೆ: ನಿಂತಾಗ ಕೀಲಿ ತಿರುಗಿಸಿ. ಟಯರಿಗೆ ಗಾಳಿ ತುಂಬಿಸಿ. ಓಣಿಯ ಮೂಲೆಯ ಅಂಗಡಿಗೆ ನಡೆದು ಹೋಗಿ. ನಿಮ್ಮ ಜೇಬಿಗೂ ಉಳಿತಾಯ. ಆ ಆಸೆಗಾದರೂ ಮಾಡಿ. ಇಳಿಜಾರಿನಲ್ಲಿ ಮಾತ್ರ ಎಂಜಿನ್ ಆರಿಸಬೇಡಿ, ಬ್ರೇಕು ಸರಿಯಾಗಿ ಹಿಡಿಯದು. ಆ ಅಪಾಯ ನಮಗಿರಲಿ, ನಮಗೆ ಬೇರೆ ದಾರಿಯಿಲ್ಲ.

ನೀಲಾಂಬಿಕೆಯನ್ನು ಬಂಡಿಗೆ ಏರಿಸಿದ್ದಾರೆ. ಎಂಜಿನ್ ಇನ್ನೂ ಚಾಲು ಮಾಡಿಲ್ಲ. ಜನ ಹಿಂದೆ ನೆರೆದಿದ್ದಾರೆ. ಎಲ್ಲರಿಗಿಂತ ಮೊದಲು ಬಸವಂತಪ್ಪ ಹೆಗಲು ಕೊಟ್ಟಿದ್ದಾನೆ, ತಲೆ ಎತ್ತುತ್ತಿಲ್ಲ. ಅವನ ಪಕ್ಕದಲ್ಲಿ ಇನ್ನೊಂದು ಹೆಗಲಿಗೆ ಜಾಗವಿದೆ. ಏರು ಇಲ್ಲಿಂದಲೇ ಶುರು.

ನಾನು ಹೊರಟೆ.